ಮೈಲೇಜ್ ಇಳಿಸಿದ ದಿನ

ತಪ್ಪೆಲ್ಲ ಬಾಯಿಯದು. ಮೆಟ್ಟಿಲ ಮೇಲೆ ಸಿಕ್ಕಿದ ಎದುರುಮನೆಯ ಗಣಿತದ ಮೇಷ್ಟ್ರು "ಹೊಸ ಗಾಡಿ ಹೇಗಿದೆ ಸಾರ್?" ಎಂದು ಕೇಳಿದಾಗ, "ಚೆನ್ನಾಗಿದೆ" ಎಂದು ಹೇಳಿ ಮೇಲೆ ಹತ್ತಿಬಿಟ್ಟಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಆದರೆ ನಮ್ಮ ಪ್ರೂಫ್ ರೀಡರು ಚೀಲ ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು, "ಲೀಟರಿಗೆ ಇಪ್ಪತ್ತೇಳೂವರೆ ಕಿಲೋಮೀಟರ್!" ಎಂದರು. ಹೇಳಿದ್ದು ಮೇಷ್ಟ್ರಿಗೆ, ಕೇಳಿಸಿದ್ದು ಮೂರು ಮಹಡಿಗೆ.

ಅಂದಿನಿಂದ ಕಟ್ಟಡದಲ್ಲಿ ಅವರಿಗೆ ಮೈಲೇಜ್ ಸಾಹೇಬರು ಎಂದು ಹೆಸರು ಬಿತ್ತು. ಹೆಸರಿನ ಹಿಂದೆಯೇ ಜನರೂ ಬಂದರು. ಮೊದಲು ಮೇಷ್ಟ್ರು, "ಹೇಗೂ ನಮ್ಮ ಸ್ಕೂಲ್ ಮುಂದೇನೇ ಹೋಗ್ತೀರಲ್ಲ" ಎಂದು ಹತ್ತಿದರು. ಆಮೇಲೆ ಕೆಳಮನೆಯ ಟೈಲರಮ್ಮ, ಜೊತೆಗೆ ಎರಡು ಗಂಟು ಬಟ್ಟೆ. ಆಮೇಲೆ ಮೇಲ್ಮನೆಯ ಬ್ಯಾಂಕ್ ಮೇಡಂ. ಕೊನೆಗೆ ಸಾಹೇಬರ ಸ್ವಂತ ಭಾವಮೈದ. ಅವನು ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿಕೊಂಡು ನಿದ್ದೆ ಹೊಡೆಯಲಿಕ್ಕೆಂದೇ ಬರುತ್ತಿದ್ದ. "ಬೇರೆಯವರ ಗಾಡಿ ಆಗಿದ್ರೆ ಕೇಳ್ತಾನೇ ಇರ್ಲಿಲ್ಲ. ನಿಮ್ಮದು ಪೆಟ್ರೋಲೇ ಕುಡಿಯಲ್ವಲ್ಲ!" ಎನ್ನುವುದು ಎಲ್ಲರದೂ ಒಂದೇ ಮಾತು.

ಪೆಟ್ರೋಲಿನ ಮಾತು ಹಾಗಿರಲಿ. ಸಾಹೇಬರು ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡುವ ಈ ಹೈಬ್ರಿಡ್ ಕಾರು ಕೊಂಡದ್ದೇ ಅದರ ಮೌನಕ್ಕೆ ಮರುಳಾಗಿ. ಪ್ರೆಸ್ಸಿನಲ್ಲಿ ದಿನವಿಡೀ ಯಂತ್ರಗಳ ದಡಬಡ, ಮನೆಯಲ್ಲಿ ಟಿವಿ, ಮಿಕ್ಸಿ ಮತ್ತು ಭಾವಮೈದ. ಬೆಳಿಗ್ಗೆ ನಲವತ್ತು ನಿಮಿಷ, ಸಂಜೆ ನಲವತ್ತು ನಿಮಿಷ, ಬ್ಯಾಟರಿಯ ಮೇಲೆ ಮೆಲ್ಲಗೆ ಜಾರುವ ಗಾಡಿಯಲ್ಲಿ ಒಬ್ಬರೇ ಕೂತು ಯಾರ ಮಾತಿಗೂ ಹೂಂ ಎನ್ನದೆ ಹೋಗುವ ಸುಖವಿತ್ತಲ್ಲ, ಅವರ ಬಾಳಿನಲ್ಲಿ ಅವರದೇ ಅಂತ ಇದ್ದದ್ದು ಅದೊಂದೇ. ಮೂರು ವಾರ ಅದನ್ನು ಉಂಡಿದ್ದರು. ಅದು ಮತ್ತೆ ಬೇಕಿತ್ತು.

ದಾರಿ ತೋರಿಸಿದವರೂ ಮೇಷ್ಟ್ರೇ. "ನಾವೇನು ಮಾನ ಬಿಟ್ಟೋರಲ್ಲ ಸಾರ್," ಎಂದು ಅವರು ಒಮ್ಮೆ ಹಿಂದಿನ ಸೀಟಿನಿಂದ ಸಾರಿದ್ದರು. "ಯಾವತ್ತು ನಿಮ್ಮ ಗಾಡಿ ಹತ್ತಕ್ಕಿಂತ ಕೆಳಗೆ ಇಳಿಯತ್ತೋ, ಮಾರನೇ ದಿನದಿಂದ ನಾವು ಬಸ್ಸು. ಮಾತು ಅಂದ್ರೆ ಮಾತು." ಉಳಿದವರೂ ಹೌದೆಂದಿದ್ದರು. ಭಾವಮೈದ ನಿದ್ದೆಯಲ್ಲೇ ತಲೆಯಾಡಿಸಿದ್ದ.

ಹಾಗಾಗಿ ಆ ಸೋಮವಾರ ಬೆಳಿಗ್ಗೆ ಆರೂವರೆಗೇ ಸಾಹೇಬರು ಕೆಳಗಿಳಿದರು. ಗಾಡಿಯ ಪರದೆಯ ಮೇಲಿದ್ದ ಸರಾಸರಿ ಮೈಲೇಜಿನ ಅಂಕಿಯನ್ನು ಅಳಿಸಿ ಸೊನ್ನೆಗೆ ತಂದರು. ಸಂಜೆಯೊಳಗೆ ಅಲ್ಲಿ ಹತ್ತಕ್ಕಿಂತ ಕಡಿಮೆ ಕಾಣಿಸಬೇಕು, ಅಷ್ಟೇ. ಮೈಲೇಜ್ ಹೆಚ್ಚಿಸುವುದು ಹೇಗೆ ಎಂದು ಗಾಡಿಯ ಪುಸ್ತಕದಲ್ಲಿ ಬರೆದದ್ದನ್ನೆಲ್ಲ ಅವರು ಬಾಯಿಪಾಠ ಮಾಡಿದ್ದರು. ಇವತ್ತು ಅದನ್ನೆಲ್ಲ ತಿರುಗುಮುರುಗು ಮಾಡುವುದು.

ಮೊದಲನೆಯದು ಟೈರಿನ ಗಾಳಿ. ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಪಿನ್ನು ಒತ್ತಿದರು. ಬುಸ್ಸೆಂದಿತು. ನಾಲ್ಕನೆಯ ಚಕ್ರಕ್ಕೆ ಬರುವಷ್ಟರಲ್ಲಿ ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರ್ ತಾತ! ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು, ಹೋಗಿಬರುವ ಗಾಡಿಗಳಿಗೆಲ್ಲ "ಬರ್ಲಿ, ಬರ್ಲಿ, ಹಾಂ ಸಾಕು" ಎಂದು ಕೈಯಾಡಿಸುವುದು ಈಗ ಅವರ ಉದ್ಯೋಗ.

"ಗಾಳಿ ನೋಡ್ತಿದೀರಾ ಸಾಹೇಬ್ರೇ?"

"ಹಾಂ, ಹೌದು ತಾತ."

ತಾತ ಹೆಬ್ಬೆರಳಿನಿಂದ ಟೈರನ್ನು ಒತ್ತಿದರು. "ಅಯ್ಯಯ್ಯೋ, ಇದರಲ್ಲಿ ಪ್ರಾಣಾನೇ ಇಲ್ಲ! ಹೀಗೆ ಓಡಿಸಿದ್ರೆ ಮೈಲೇಜ್ ಎಲ್ಲಿಂದ ಬರಬೇಕು? ಇರಿ, ನನ್ನ ಪಂಪ್ ತರ್ತೀನಿ."

"ಬೇಡ ತಾತ, ನಿಮಗ್ಯಾಕೆ ಸುಮ್ನೆ ತೊಂದ್ರೆ..."

"ತೊಂದ್ರೆ ಏನ್ ಬಂತು? ಒಂದು ಗಾಡಿ ಮುಟ್ಟಿ ನಾಲ್ಕು ವರ್ಷ ಆಯ್ತು ಕಣ್ರೀ." ತಾತನ ಮುಖದಲ್ಲಿ ಎಷ್ಟು ಆಸೆಯಿತ್ತೆಂದರೆ ಸಾಹೇಬರು ಪಕ್ಕಕ್ಕೆ ಸರಿದರು. ತಾತ ಕಾಲಲ್ಲಿ ತುಳಿದು ತುಳಿದು ನಾಲ್ಕೂ ಚಕ್ರಕ್ಕೆ ಕಂಪನಿ ಹೇಳಿದ್ದಕ್ಕಿಂತ ಒಂದೆರಡು ಪಾಯಿಂಟ್ ಹೆಚ್ಚೇ ತುಂಬಿದರು. ಸಾಹೇಬರು ಥ್ಯಾಂಕ್ಸ್ ಹೇಳಬೇಕಾಯಿತು.

ಎರಡನೆಯದು ಭಾರ. ಮಣ್ಣು ತುಂಬಿದ ನಾಲ್ಕು ಹೂಕುಂಡ, ಹಳೆಯ ಪ್ರೂಫ್ ಹಾಳೆಗಳ ಆರು ಕಟ್ಟು, ಎಲ್ಲವನ್ನೂ ಏದುಸಿರು ಬಿಡುತ್ತ ಡಿಕ್ಕಿಗೆ ಏರಿಸಿದರು. ಬಾಗಿಲು ಮುಚ್ಚುವ ಮುಂಚೆ ಟೈಲರಮ್ಮ ಗಂಟಿನ ಸಮೇತ ಹಾಜರ್.

"ಏನಣ್ಣಾ, ಇಷ್ಟು ಒಳ್ಳೆ ಕುಂಡ ಎಸೆಯೋಕೆ ಹೊರಟ್ರಾ? ನಂಗೊಂದು ಮಾತು ಹೇಳಬಾರದಾ? ಈ ಕಾಗದ ನೋಡಿ, ಬಟ್ಟೆ ಕಟಿಂಗ್‌ಗೆ ಅಳತೆ ಹಾಳೆ ಮಾಡ್ಕೊಳ್ಳೋಕೆ ಹೇಳಿ ಮಾಡಿಸಿದ ಹಾಗಿದೆ!" ಎಂದವರೇ ಭಾವಮೈದನನ್ನು ಕೂಗಿದರು. ಹುಟ್ಟಿದಾಗಿನಿಂದ ಒಂದು ಬಿಂದಿಗೆ ನೀರು ಎತ್ತದ ಆ ಪುಣ್ಯಾತ್ಮ ಅವತ್ತು ಐದೇ ನಿಮಿಷದಲ್ಲಿ ಎಲ್ಲವನ್ನೂ ಇಳಿಸಿ ಟೈಲರಮ್ಮನ ವರಾಂಡದಲ್ಲಿ ಜೋಡಿಸಿಬಿಟ್ಟ.

ಇನ್ನು ಉಳಿದದ್ದು ಕಾಲು. ರಸ್ತೆಗೆ ಬಿದ್ದ ತಕ್ಷಣ ಸಾಹೇಬರು ಎ.ಸಿ.ಯನ್ನು ಪೂರ್ತಿ ತಿರುಗಿಸಿ, ಕಿಟಕಿ ಇಳಿಸಿ, ಆಕ್ಸಿಲರೇಟರ್ ತುಳಿಯಬೇಕೆಂದಿದ್ದರು. ಆದರೆ ತುಳಿಯಲು ರಸ್ತೆ ಇರಬೇಕಲ್ಲ! ಪೈಪು ಹೂಳಲು ಯಾರೋ ಅರ್ಧ ರಸ್ತೆ ಅಗೆದಿದ್ದರು. ಗಾಡಿಗಳು ಇರುವೆ ಸಾಲಾಗಿದ್ದವು. ಬೇರೆ ಕಾರುಗಳೆಲ್ಲ ನಿಂತಲ್ಲೇ ಗುರುಗುಟ್ಟುತ್ತ ಪೆಟ್ರೋಲ್ ಸುಡುತ್ತಿದ್ದರೆ, ಸಾಹೇಬರ ಗಾಡಿ ಎಂಜಿನ್ ಆರಿಸಿಕೊಂಡು ಬ್ಯಾಟರಿಯ ಮೇಲೆ ತೆವಳಿತು. ಬ್ರೇಕ್ ಒತ್ತಿದಾಗಲೆಲ್ಲ ಆ ಬ್ಯಾಟರಿಗೆ ಇನ್ನಷ್ಟು ಜೀವ ಬಂತು. ಆಮೇಲೆ ಶುರುವಾದದ್ದು ಇಳಿಜಾರು.

"ಇಪ್ಪತ್ತೊಂಬತ್ತು!" ಮೇಷ್ಟ್ರು ಹಿಂದಿನಿಂದ ಕತ್ತು ಚಾಚಿದರು. "ಮೂವತ್ತು! ಸಾರ್, ಮೂವತ್ತೊಂದು! ಏನ್ ಕೈ ಸಾರ್ ನಿಮ್ಮದು!"

"ನಮ್ಮ ಮ್ಯಾನೇಜರ್‌ಗೂ ಹೇಳ್ತೀನಿ," ಎಂದರು ಬ್ಯಾಂಕ್ ಮೇಡಂ.

ಪ್ರೆಸ್ಸಿನಲ್ಲಿ ಅವತ್ತು ಸಾಹೇಬರ ಕಣ್ಣಿಗೆ ಒಂದು ತಪ್ಪೂ ಬೀಳಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಹತ್ತಿರದ ಸರ್ವಿಸ್ ಸೆಂಟರಿಗೆ ಓಡಿದರು. ಗ್ರೀಸ್ ಕೈಯ ಮೆಕ್ಯಾನಿಕ್ ಅವರ ಕೋರಿಕೆಯನ್ನು ಎರಡು ಸಲ ಹೇಳಿಸಿದ.

"ಮೈಲೇಜ್ ಕಮ್ಮಿ ಮಾಡ್ಬೇಕಾ? ಕಮ್ಮಿನಾ?"

"ಹೌದಪ್ಪ. ಒಂದು ದಿನದ ಮಟ್ಟಿಗೆ."

"ಅಂಥ ಕೆಲಸ ನಾವು ಮಾಡಲ್ಲ ಸಾರ್," ಎಂದ ಅವನು, ಡಾಕ್ಟರ ಹತ್ತಿರ ವಿಷ ಕೇಳಿದ ಹಾಗೆ ಮುಖ ಮಾಡಿ. ಅಷ್ಟಕ್ಕೇ ಬಿಡಲಿಲ್ಲ. ಹಿಂದಿನ ಬಾಗಿಲು ತೆಗೆದು ಸೀಟಿನ ಪಕ್ಕದ ಜಾಲರಿಗೆ ಬೆರಳು ತೋರಿಸಿದ. ಟೈಲರಮ್ಮನ ಗಂಟಿನಿಂದ ಉದುರಿದ ದಾರ, ಬಟ್ಟೆಯ ಜುಂಗು ಎಲ್ಲ ಅಲ್ಲಿ ಗೂಡು ಕಟ್ಟಿತ್ತು. "ನೋಡಿ, ಬ್ಯಾಟರಿ ಉಸಿರಾಡೋದು ಇಲ್ಲಿಂದ. ಇದು ಮುಚ್ಚಿದ್ರೆ ಅದು ಕಾದು ಕೂತ್ಕೊಳ್ಳತ್ತೆ, ಆಮೇಲೆ ಎಲ್ಲ ಕೆಲಸ ಎಂಜಿನ್ ತಲೆ ಮೇಲೆ. ಇದನ್ನ ಕ್ಲೀನ್ ಇಡ್ಬೇಕು ಸಾರ್." ಸಾಹೇಬರು ಬೇಡ ಬೇಡ ಎನ್ನುವಷ್ಟರಲ್ಲಿ ಜಾಲರಿಯನ್ನು ಫಳಫಳ ಮಾಡಿ, ಏರ್ ಫಿಲ್ಟರನ್ನೂ ಕೊಡವಿ ಹಾಕಿದ. ಹೊರಡುವಾಗ ಬುದ್ಧಿಮಾತು ಬೇರೆ. "ಒಂದು ಮಾತ್ರ ಮಾಡ್ಬೇಡಿ ಸಾರ್. ಸದ್ದಿಲ್ಲ ಅಂತ ಆಫ್ ಮಾಡೋದು ಮರೆತು, ಎ.ಸಿ. ಹಾಕಿದ ಹಾಗೇ ನಿಲ್ಲಿಸಿ ಹೋಗ್ಬೇಡಿ. ಎಂಜಿನ್ ಆಗಾಗ ತಾನೇ ಎದ್ದು ಬ್ಯಾಟರಿ ತುಂಬಿಸ್ತಾ ಇರತ್ತೆ. ಗಾಡಿ ಒಂದು ಅಡಿ ಹೋಗಿರಲ್ಲ, ಪೆಟ್ರೋಲ್ ಮಾತ್ರ ಖಾಲಿ."

ಸಾಹೇಬರಿಗೆ ಅವನನ್ನು ತಬ್ಬಿಕೊಳ್ಳಬೇಕೆನ್ನಿಸಿತು.

ಮಧ್ಯಾಹ್ನ ಒಂದೂವರೆಯಿಂದ ಆರರವರೆಗೆ ಗಾಡಿ ಪ್ರೆಸ್ಸಿನ ಹಿತ್ತಲಲ್ಲಿ, ಬಿಸಿಲಲ್ಲಿ, ಎ.ಸಿ. ಪೂರ್ತಿ ಹಾಕಿಕೊಂಡು, ಖಾಲಿ ಸೀಟುಗಳನ್ನು ತಣ್ಣಗೆ ಮಾಡುತ್ತ ನಿಂತಿತ್ತು. ಮೂರು ಗಂಟೆಗೆ ಕಾವಲುಗಾರ ಬಿಳಿಚಿಕೊಂಡು ಓಡಿಬಂದ.

"ಸಾರ್, ನಿಮ್ಮ ಗಾಡೀಲಿ ಯಾರೂ ಇಲ್ಲ. ಆದ್ರೆ ಅದು ತಾನಾಗೇ ಗುರ್ ಅಂತು. ಆಮೇಲೆ ತಾನಾಗೇ ಸುಮ್ಮನಾಯ್ತು!"

"ಅದರ ಸ್ವಭಾವವೇ ಹಾಗೆ. ನೀನು ಹತ್ತಿರ ಹೋಗ್ಬೇಡ."

"ನಾನ್ಯಾಕೆ ಹೋಗ್ಲಿ ಸಾರ್! ಗೇಟಿನ ಹತ್ರಾನೇ ಇರ್ತೀನಿ," ಎಂದ ಕಾವಲುಗಾರ. ಅವನು ಹೇಳಿದ್ದು ಗೇಟಿನ ಹೊರಗಡೆಯನ್ನು.

ಆರಕ್ಕೆ ಸಾಹೇಬರು ಪರದೆ ನೋಡಿದರು. ಐದು ಪಾಯಿಂಟ್ ಒಂದು. ಅಷ್ಟು ಚಂದದ ಅಂಕಿಯನ್ನು ಅವರು ಜೀವಮಾನದಲ್ಲಿ ನೋಡಿರಲಿಲ್ಲ.

ಆದರೆ ಗಾಡಿ ಓಡತೊಡಗಿದ್ದೇ ತಡ, ಹಾಳಾದ ಅಂಕಿ ಮೇಲೇರತೊಡಗಿತು. ಸ್ಕೂಲಿನ ಹತ್ತಿರ ಮೇಷ್ಟ್ರು ಹತ್ತುವಾಗ ಆರು, ಬ್ಯಾಂಕಿನ ಹತ್ತಿರ ಆರೂವರೆ. ಸಾಹೇಬರು ಕೈಚೀಲದಿಂದ ಕರವಸ್ತ್ರ ತೆಗೆದು ಪರದೆಯ ಮೇಲೆ ಇಳಿಬಿಟ್ಟರು. "ಬಿಸಿಲು ಹೊಡೆಯತ್ತೆ" ಎಂದರು. ಬಿಸಿಲು ಹಿಂದಿನಿಂದ ಬರುತ್ತಿತ್ತು. ಏಳಕ್ಕೆ ಮನೆ ಮುಟ್ಟಿದ್ದರೆ ಏಳೂವರೆಯ ಹತ್ತಿರ ನಿಲ್ಲುತ್ತಿತ್ತೇನೋ. ಆದರೆ ಟೈಲರಮ್ಮನಿಗೆ ಅವತ್ತೇ ಮದುವೆಮನೆಯೊಂದಕ್ಕೆ ಹನ್ನೆರಡು ರವಿಕೆ ಕೊಡಬೇಕಿತ್ತು. "ಇಲ್ಲೇ ಅಣ್ಣಾ, ಎರಡು ಹೆಜ್ಜೆ," ಎಂದರು. ಎರಡು ಹೆಜ್ಜೆ ಎಂಟು ಕಿಲೋಮೀಟರ್ ಆಯಿತು. ಕರವಸ್ತ್ರದ ಅಂಚು ಎತ್ತಿ ನೋಡಿದರೆ ಒಂಬತ್ತು ಪಾಯಿಂಟ್ ನಾಲ್ಕು!

ಕೊನೆಯ ಖಾಲಿ ರಸ್ತೆಯಲ್ಲಿ ಸಾಹೇಬರು ಹಲ್ಲು ಕಚ್ಚಿ ಆಕ್ಸಿಲರೇಟರನ್ನು ತಳಕ್ಕೆ ಒತ್ತಿದರು. ಹುಟ್ಟಿದಾಗಿನಿಂದ ದನಿ ಎತ್ತದ ಗಾಡಿ ಗಂಟಲು ಹರಿದುಕೊಂಡು ಅರಚಿತು. ಮೇಷ್ಟ್ರ ಕನ್ನಡಕ ಬ್ಯಾಂಕ್ ಮೇಡಂ ಮಡಿಲಿಗೆ ಹಾರಿತು. ಭಾವಮೈದನಿಗೆ ಮೊದಲ ಬಾರಿಗೆ ಎಚ್ಚರವಾಯಿತು.

ಗೇಟಿನೊಳಗೆ ಗಾಡಿ ನಿಂತಾಗ ಸಾಹೇಬರು ಕರವಸ್ತ್ರವನ್ನು ಮೆಲ್ಲಗೆ ಸರಿಸಿದರು. ಒಂಬತ್ತು ಪಾಯಿಂಟ್ ಆರು.

"ಇದೇನ್ ಸಾರ್ ಇದು?" ಮೇಷ್ಟ್ರ ದನಿ ಇಳಿದುಹೋಗಿತ್ತು.

"ಏನೋ ರೋಗ ಬಂದಿದೆ ಮೇಷ್ಟ್ರೇ," ಎಂದರು ಸಾಹೇಬರು, ನಗು ತಡೆಯಲು ಕೆನ್ನೆ ಕಚ್ಚಿಕೊಂಡು. "ನನ್ನ ಹಣೆಬರಹ. ನಿಮಗೆಲ್ಲ ತೊಂದ್ರೆ ಆಯ್ತಲ್ಲ ಅಂತಾನೇ ನಂಗೆ ಸಂಕಟ."

ಮೇಷ್ಟ್ರು ದೊಡ್ಡ ಮನಸ್ಸಿನವರು. "ಮಾತು ಅಂದ್ರೆ ಮಾತು. ನಾಳೆಯಿಂದ ನಾವು ಬಸ್ಸು," ಎಂದು ಕೈಮುಗಿದು ಇಳಿದರು. ಟೈಲರಮ್ಮ ಕಣ್ಣೊರೆಸಿಕೊಂಡರು.

ಆಗ ಕಟ್ಟೆಯಿಂದ ಡ್ರೈವರ್ ತಾತ ಎದ್ದು ಬಂದರು. ಬಾನೆಟ್ ಮೇಲೆ ಅಂಗೈ ಇಟ್ಟು, ಕಿವಿ ಕೊಟ್ಟು, ಒಂದು ನಿಮಿಷ ಕಣ್ಣು ಮುಚ್ಚಿದರು. "ಸಾಹೇಬ್ರೇ, ಅಂಕಿ ಸೊನ್ನೆಗೆ ತಂದು ಒಂದು ಸುತ್ತು ನಾನು ನೋಡ್ಲಾ? ಎಲ್ರೂ ಹತ್ತಿ. ಭಾರ ಅಷ್ಟೇ ಇರ್ಬೇಕು."

ಸಾಹೇಬರು ಕೀಲಿ ಕೊಟ್ಟರು. ಅರ್ಧ ಗಂಟೆ ಸಾಹೇಬರು ಗೇಟಿನ ಬಳಿ ಉಗುರು ಕಚ್ಚುತ್ತ ನಿಂತರು. ಗಾಡಿ ಮರಳಿದ್ದು ಅವರಿಗೆ ಕೇಳಿಸಲೇ ಇಲ್ಲ. ತಿರುಗಿ ನೋಡಿದರೆ ಪಕ್ಕದಲ್ಲೇ ನಿಂತಿತ್ತು.

"ಇಪ್ಪತ್ತೊಂಬತ್ತು ಪಾಯಿಂಟ್ ಎಂಟು!" ಮೇಷ್ಟ್ರು ಕಿಟಕಿಯಿಂದಲೇ ಕೂಗಿದರು.

ತಾತ ಇಳಿದು ಸಾಹೇಬರ ಹೆಗಲ ಮೇಲೆ ಕೈಯಿಟ್ಟರು. "ಗಾಡಿಗೇನೂ ಆಗಿಲ್ಲ. ಬೇಜಾರು ಮಾಡ್ಕೋಬೇಡಿ, ರೋಗ ಇರೋದು ನಿಮ್ಮ ಕಾಲಲ್ಲಿ."

"ನಾವೇ ಕಣ್ಣಾರೆ ನೋಡಿದ್ವಿ ತಾತ," ಎಂದರು ಮೇಷ್ಟ್ರು. "ಸಂಜೆ ಹಾವು ತುಳಿದ ಹಾಗೆ ತುಳಿದ್ರು."

ಸಾಹೇಬರು ಬಾಯಿ ತೆರೆದರು. ಮೈಲೇಜನ್ನು ಬೇಕೆಂದೇ ಕೆಡಿಸಿದೆ ಎಂದರೆ ಯಾಕೆ ಎನ್ನುತ್ತಾರೆ; ಯಾಕೆ ಎಂದು ಹೇಳಿದರೆ ಈ ಕಟ್ಟಡದಲ್ಲಿ ತಲೆಯೆತ್ತಿ ಮೆಟ್ಟಿಲು ಹತ್ತುವಂತಿಲ್ಲ. ತೆರೆದ ಬಾಯಿಯನ್ನು ಹಾಗೇ ಮುಚ್ಚಿದರು.

ಅಷ್ಟರಲ್ಲಿ ಅವರ ಹೆಂಡತಿಯೂ ಕೆಳಗಿಳಿದಿದ್ದಳು. "ಪಾಪ, ದಿನವಿಡೀ ಕಣ್ಣಿನ ಕೆಲಸ, ಸುಸ್ತಾಗಿರ್ತಾರೆ," ಎಂದು ಗಂಡನ ಜೇಬಿನಲ್ಲಿದ್ದ ಇನ್ನೊಂದು ಕೀಲಿಯನ್ನೂ ತೆಗೆದು ತಾತನಿಗೆ ಕೊಟ್ಟಳು. "ನಾಳೆಯಿಂದ ನೀವೇ ಓಡಿಸಿ ತಾತ. ನಂಗೂ ನೆಮ್ಮದಿ." ತಾತ ಕೀಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅವರ ಕಣ್ಣು ತುಂಬಿತ್ತು.

ಮರುದಿನ ಬೆಳಿಗ್ಗೆ ತಾತ ಇಸ್ತ್ರಿ ಮಾಡಿದ ಅಂಗಿಯಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದರು. ಪಕ್ಕದಲ್ಲಿ ಭಾವಮೈದ ಆಗಲೇ ನಿದ್ದೆಯಲ್ಲಿದ್ದ. ಹಿಂದೆ ಮೇಷ್ಟ್ರು, ಬ್ಯಾಂಕ್ ಮೇಡಂ, ಟೈಲರಮ್ಮ. ಚೀಲ ಹಿಡಿದು ನಿಂತ ಸಾಹೇಬರನ್ನು ನೋಡಿ ಟೈಲರಮ್ಮನ ಜೀವ ಮರುಗಿತು.

"ತಾತ, ನಾವು ಸ್ವಲ್ಪ ಒತ್ತಿಕೊಂಡು ಕೂತ್ರೆ ಅಣ್ಣನಿಗೂ ಜಾಗ ಆಗತ್ತೆ."

"ಬೇಡಮ್ಮ," ಎಂದರು ತಾತ, ಕನ್ನಡಿ ಸರಿಮಾಡುತ್ತ. "ಒಬ್ರು ಜಾಸ್ತಿ ಆದ್ರೆ ಸಾಹೇಬ್ರ ಮೈಲೇಜ್ ಬಿದ್ದುಹೋಗತ್ತೆ."

ಕಿಟಕಿಯ ಗಾಜು ಏರಿತು. ಗಾಡಿ ಒಂದಿಷ್ಟೂ ಸದ್ದಿಲ್ಲದೆ ಗೇಟು ದಾಟಿ ಹೋಯಿತು.