ಮೊಮ್ಮಗಳ ಅಂಗುಳೂ ನನ್ನ ಕೈಗುಣವೂ

ನನಗೆ ತಾಳ್ಮೆ ಹೆಚ್ಚು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಮುಖ್ಯವಾದ ಕೆಲಸ ಒಪ್ಪಿಸುವಾಗ ಮಾತ್ರ ಆ ಮಾತು ಯಾರ ನೆನಪಿಗೂ ಬರುವುದಿಲ್ಲ. ಹಲ್ಲಿನ ಡಾಕ್ಟರು ಮೊಮ್ಮಗಳ ಬಾಯಿಗೆ ಯಂತ್ರ ಕೂರಿಸಿದಾಗಲೂ ಹಾಗೇ ಆಯಿತು.

ಹತ್ತು ವರ್ಷದ ಹುಡುಗಿ. ಮೇಲ್ದವಡೆ ಕಿರಿದು. ಹೊಸ ಕೋರೆಹಲ್ಲು ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ ಒಸಡಿನ ಮೇಲೆ ನಿಂತುಬಿಟ್ಟಿತ್ತು. ಅದಕ್ಕೇ ಅಂಗುಳಿಗೆ ಅಡ್ಡಲಾಗಿ ಒಂದು ತಂತಿಯ ಚೌಕಟ್ಟು, ನಡುವೆ ಪುಟ್ಟ ತಿರುಪು. ದಿನಕ್ಕೊಮ್ಮೆ ಅದರ ತೂತಿಗೆ ಸಣ್ಣ ಕೀಲಿ ತೂರಿಸಿ ಹಿಂದಕ್ಕೆ ತಳ್ಳಿದರೆ ದವಡೆ ಕೂದಲೆಳೆಯಷ್ಟು ಅಗಲವಾಗುತ್ತದಂತೆ.

"ಬೆಳೆಯೋ ವಯಸ್ಸಲ್ಲೇ ಆಗ್ಬೇಕು. ಬಿಟ್ರೆ ಮುಂದೆ ಆಪರೇಷನ್," ಎಂದರು ಡಾಕ್ಟರು.

ಮೊದಲ ದಿನ ಸೊಸೆ ತಿರುಗಿಸಿದಳು. ಮಗು ಕಿರುಚಿತು.

"ನಿಂದು ಕೈಯೋ ಸುತ್ತಿಗೆಯೋ? ಇಲ್ಲಿ ಕೊಡು," ಎಂದೆ.

"ಅತ್ತೆ, ನಿಮಗೆ ಸೂಜಿಗೆ ದಾರ ಪೋಣಿಸೋಕೇ ಕಣ್ಣು ಕಾಣಲ್ಲ."

"ಸೂಜಿ ಬಾಯಿ ತೆರೆಯುತ್ತಾ? ಇವಳು ತೆರೀತಾಳೆ."

ಹೀಗೆ ಕೀಲಿಯ ಅಧಿಕಾರ ನನಗೆ ಬಂತು. (ಬೀರುವಿನ ಕೀಲಿ ಈವರೆಗೂ ಬಂದಿಲ್ಲ, ಅದು ಬೇರೆ ಮಾತು.) ಸಂಜೆ ಶಾಲೆಯಿಂದ ಬಂದವಳೇ ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಬಾಯಿ ತೆರೆಯುವಳು. ನಾನು ಎರಡು ಕನ್ನಡಕ ಒಂದರ ಮೇಲೊಂದು ಏರಿಸಿ, ಟಾರ್ಚನ್ನು ಕೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸಿ, ಶಸ್ತ್ರಚಿಕಿತ್ಸೆ ಮುಗಿಸುವೆ. ಒಂದು ದಿನವೂ ಅವಳು ಕುಂಯ್ ಎನ್ನಲಿಲ್ಲ.

"ಅಜ್ಜಿ ಮಾಡಿದ್ರೆ ನೋವೇ ಆಗಲ್ಲ," ಎಂದು ಸರ್ಟಿಫಿಕೇಟು ಬೇರೆ ಕೊಟ್ಟಳು.

ನಾನು ಪಕ್ಕದ ಮನೆಯಾಕೆಯನ್ನು ಕರೆದು, "ಕೈಗುಣ ಅನ್ನೋದು ಓದಿ ಬರೋದಲ್ಲ ಕಣಮ್ಮಾ. ಮುಖ ನೋಡು, ಆಗ್ಲೇ ಎಷ್ಟು ಅಗಲ ಆಗಿದೆ," ಎಂದೆ. ಆಕೆಯೂ ಹೌದೆಂದಳು.

ಎರಡು ವಾರ ಕಳೆದು ಡಾಕ್ಟರ ಹತ್ತಿರ ಹೋದೆವು. ಅವರು ಅಳತೆಪಟ್ಟಿ ಇಟ್ಟರು, ತೆಗೆದರು, ಮತ್ತೆ ಇಟ್ಟರು.

"ಇಷ್ಟೊತ್ತಿಗೆ ಮುಂದಿನ ಹಲ್ಲುಗಳ ನಡುವೆ ಸಂದಿ ಬಿದ್ದಿರ್ಬೇಕಿತ್ತು. ಈ ತಿರುಪು ಒಂದೇ ಒಂದು ಸಲ ತಿರುಗಿದ ಹಾಗಿದೆಯಲ್ಲ?"

"ಒಂದು ದಿನಾನೂ ತಪ್ಪಿಸಿಲ್ಲ," ಎಂದೆ ನೊಂದುಕೊಂಡು.

"ಎಲ್ಲಿ, ನನ್ನೆದುರಿಗೆ ಮಾಡಿ ತೋರಿಸಿ ಅಜ್ಜಿ."

ಕೀಲಿ ತೂರಿಸಿದೆ. ಮೆಲ್ಲಗೆ ಹಿಂದಕ್ಕೆ ತಳ್ಳಿದೆ. ಅಷ್ಟೇ ಮೆಲ್ಲಗೆ ಮುಂದಕ್ಕೆ ಎಳೆದು, ಹೊರಗೆ ತೆಗೆದೆ.

"ಕೊನೆಗೆ ಮುಂದಕ್ಕೆ ಎಳೆದ್ರಲ್ಲ, ಅದ್ಯಾಕೆ?"

"ಸಡಿಲ ಬಿಟ್ಟೆ ಡಾಕ್ಟ್ರೇ. ಯಾವ ಡಬ್ಬಿ ಮುಚ್ಚಳ ತಿರುಗಿಸಿದ್ರೂ ಕೊನೆಗೆ ಒಂಚೂರು ಸಡಿಲ ಬಿಡೋದು ನನ್ನ ಅಭ್ಯಾಸ. ಇಲ್ದಿದ್ರೆ ಮಾರನೇ ದಿನ ಬರೋದೇ ಇಲ್ಲ. ಮಗೂಗೂ ಬಿಗಿ ಆಗ್ಬಾರ್ದಲ್ಲ."

ಡಾಕ್ಟರು ಮುಖದ ಮಾಸ್ಕನ್ನು ಸರಿಮಾಡಿಕೊಂಡರು. ಒಳಗೆ ನಗುತ್ತಿದ್ದರೆಂದು ಕಣ್ಣೇ ಹೇಳುತ್ತಿತ್ತು.

"ಹಾಗಾದ್ರೆ ಆ ಒಂದು ಸಲ ಯಾರು ತಿರುಗಿಸಿದ್ದು?"

"ನಾನು," ಎಂದಳು ಸೊಸೆ, ಬಹಳ ವಿನಯದಿಂದ.

ಇನ್ನೂ ಕಾಲ ಮಿಂಚಿಲ್ಲ, ಇವತ್ತಿನಿಂದ ಮತ್ತೆ ಶುರುಮಾಡಿ ಎಂದರು. ಉಸಿರು ಬಂತು. ಕೀಲಿ ಸೊಸೆಯ ಕೈಗೆ ಹೋಯಿತು. ನನಗೆ ಟಾರ್ಚು ಹಿಡಿಯುವ ಕೆಲಸ. ಮಗು ಮುಖ ಕಿವುಚಿದಾಗಲೆಲ್ಲ ನಾನೇ ಕಣ್ಣು ಮುಚ್ಚುತ್ತಿದ್ದೆ, ಬೆಳಕು ಗೋಡೆಗೆ ಬೀಳುತ್ತಿತ್ತು. ಮೂರನೇ ದಿನ ಟಾರ್ಚನ್ನೂ ಕಸಿದುಕೊಂಡರು.

ಒಂಬತ್ತನೇ ದಿನ ಮೊಮ್ಮಗಳು ಬಾಯಿ ಮುಚ್ಚಿಕೊಂಡು, ಕೆನ್ನೆ ಉಬ್ಬಿಸಿಕೊಂಡು ನನ್ನ ಹತ್ತಿರ ಬಂದಳು. ಏನೋ ಗುಟ್ಟು ಹೇಳುತ್ತಾಳೆಂದು ಮುಖ ಮುಂದೆ ಮಾಡಿದೆ. ಮುಂದಿನ ಎರಡು ಹಲ್ಲುಗಳ ನಡುವಿನಿಂದ ಸಣ್ಣಗೆ, ನೆಟ್ಟಗೆ ಒಂದು ನೀರಿನ ಎಳೆ ಚಿಮ್ಮಿ ನನ್ನ ಮೂಗಿಗೇ ಬಡಿಯಿತು.

ಸೊಸೆ ಗದರಲು ಓಡಿಬಂದಳು.

"ಸುಮ್ನಿರೇ," ಎಂದೆ, ಮುಖ ಒರೆಸಿಕೊಳ್ಳದೆ. "ಇನ್ನೊಂದ್ಸಲ ಮಾಡು ಪುಟ್ಟಿ. ನಾನು ಸರಿಯಾಗಿ ನೋಡ್ಲಿಲ್ಲ."