ಬಿಸಿಯಾಗದೆ ಹೊರಡದ ಪಟಪಟಿ

ಹಳೆಯ ಮೋಟಾರ್ ಸೈಕಲ್ ಇಟ್ಟುಕೊಂಡವನ ಸುತ್ತ ನಗುವವರಿಗೆ ಯಾವತ್ತೂ ಕೊರತೆಯಿರುವುದಿಲ್ಲ. ಆಗ ಎಪ್ಪತ್ತರ ದಶಕ. ನಾನು ಹನೂರಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಹೆಂಡತಿ ಚೊಚ್ಚಲ ಹೆರಿಗೆಗೆಂದು ಯಳಂದೂರಿನ ತವರಿನಲ್ಲಿದ್ದಳು. ವಾರವೆಲ್ಲ ನಾನು ಭಾನುವಾರಕ್ಕೆ ಕಾಯುತ್ತಿದ್ದೆ. ಭಾನುವಾರ ಅಲ್ಲಿಗೆ ಹೊರಟರೆ ನನ್ನ ಹಳೆಯ ಪಟಪಟಿ ಕಾಯಿಸುತ್ತಿತ್ತು. ತಣ್ಣಗಿದ್ದಾಗ ಅದು ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಎಂಜಿನ್ ಬಿಸಿಯಾದ ಮೇಲೆ, ಅಂದರೆ ಮುಟ್ಟಿದರೆ ಕೈ ಸುಡುವಷ್ಟಾದ ಮೇಲೆ, ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಇಷ್ಟು ತಿಳಿದಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಅಜ್ಜಿಯ ಕಂಬಳಿ

ಅದರ ಕೆಮ್ಮಿಗೆ ಬೀದಿಯೇ ಏಳುತ್ತಿತ್ತು. ಎದುರು ಮನೆಯ ಅಜ್ಜಿ ಒಂದು ಕಂಬಳಿ ತಂದುಕೊಟ್ಟು, "ಸೀತ ಆಗ್ಯದೆ ಕಣ್ಲಾ ಅದ್ಕೆ, ರಾತ್ರಿ ಒದಿಸು" ಅಂದರು. ಹೊದಿಸಿದೆ. ಬೆಳಿಗ್ಗೆ ಅದೇ ಕೆಮ್ಮು. "ಬಿಸಿ ಆಗ್ಲಿಲ್ಲವಲ್ಲ ಅಜ್ಜಿ?" ಎಂದೆ.

"ಒಂಟಿಯಾಗಿ ಕಂಬ್ಳಿ ಒದ್ಕಂಡ್ರೆ ಬಿಸಿ ಎಲ್ಲಾದದು? ನಿನ್ನೇ ನೋಡ್ಕೊ!"

ಮೇಸ್ತ್ರಿಯ ಪರೀಕ್ಷೆ

ಒಂದು ಭಾನುವಾರ ಯಳಂದೂರಿಗೆ ಹೋಗುವ ದಾರಿಯಲ್ಲಿ ಕೊಳ್ಳೇಗಾಲದ ಮೆಕ್ಯಾನಿಕ್ ಮೇಸ್ತ್ರಿಯ ಬಳಿ ಹೋದೆ. ಹನೂರಿನಿಂದ ಅಷ್ಟು ದೂರ ಓಡಿದ್ದರಿಂದ ಗಾಡಿ ಬಿಸಿಯಾಗಿತ್ತು. ಅವನು ಒಂದು ಸಲ ಒದ್ದ, ಹಾಡಿದಂತೆ ಹೊತ್ತಿಕೊಂಡಿತು.

"ಕಾಯಿಲೇನೇ ಇಲ್ವಲ್ಲ ಸಾ!"

"ತಣ್ಣಗಿದ್ದಾಗ ನೋಡ್ಬೇಕಪ್ಪ."

"ಬುಟ್ಟೋಗಿ ಅಂಗಾರೆ, ನಾಳೆ ನೋಡ್ತೀನಿ."

ಬಿಟ್ಟರೆ ಆ ವಾರ ಹೆಂಡತಿಯ ಮುಖ ಕಾಣುವಂತಿಲ್ಲ. ಆಗುವುದಿಲ್ಲ ಎಂದೆ.

"ಅಂಗಾರೆ ಓಡುಸ್ದೆ ತಕಂಬನ್ನಿ" ಎಂದು ಬೀಡಿ ಹಚ್ಚಿದ.

ಗಾಡಿಯ ಮೇಲೆ ಗಾಡಿ

ಓಡಿಸದೆಯೇ ತಂದೆ. ರಜೆ ಹಾಕಿ, ರೇಷ್ಮೆಗೂಡು ಒಯ್ಯುವ ಎತ್ತಿನ ಗಾಡಿಯಲ್ಲಿ ಪಟಪಟಿಯನ್ನು ಮಲಗಿಸಿದೆ. ಬಿಸಿಲಿಗೆ ಎಂಜಿನ್ ಕಾಯಬಾರದಲ್ಲ, ಅದಕ್ಕೆ ಒದ್ದೆ ಗೋಣಿಚೀಲ ಹೊದಿಸಿ ಆಗಾಗ ನೀರು ಚಿಮುಕಿಸುತ್ತ ಕೂತೆ. ದಾರಿಯಲ್ಲಿ ಕಾಮಗೆರೆಯ ಒಬ್ಬಾತ ನಮ್ಮ ಗಾಡಿಯವನನ್ನು ಕೇಳಿದ, "ಏನ್ಲಾ, ಪಟಪಟಿಗೆ ಜ್ವರವಾ?"

"ಇಲ್ಲ ಕಣಣ್ಣ, ಜ್ವರ ಬರದಂಗೆ ಒಯ್ತಾ ಇವ್ನಿ. ಬಂದ್ರೆ ಉಸಾರಾಗೋಯ್ತದೆ!"

ಮೇಸ್ತ್ರಿ ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ಬರುವ ಸಣ್ಣ ತೂತಿನ ಕಸವನ್ನು ಊದಿ ತೆಗೆದ. ಅಷ್ಟೇ.

ಸೋಮವಾರದ ಬೆಳಗು

ಮಾವನ ಮನೆಯಲ್ಲಿ ನನಗೆ ಜಗಲಿಯ ಮೇಲೆ ಹಾಸಿಗೆ; ಬಸುರಿ ಹೆಂಡತಿ ಒಳಗೆ ಅವಳಮ್ಮನ ಮಗ್ಗುಲಲ್ಲಿ. ಹಗಲೆಲ್ಲ ಹಿರಿಯರ ನಡುವೆ "ಊಟ ಆಯ್ತಾ?" ಎಂಬುದಕ್ಕಿಂತ ಹೆಚ್ಚು ಮಾತಿಲ್ಲ. ಆದರೆ ಸೋಮವಾರ ಬೆಳಿಗ್ಗೆ ನಾನು ಹನೂರಿಗೆ ಹೊರಡುವಾಗ ಪಟಪಟಿ ಬಿಸಿಯಾಗುವವರೆಗೂ ಅವಳು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಆ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಕಿವಿಯ ಹತ್ತಿರ ಬಂದು, ಮಗು ಒದ್ದದ್ದನ್ನು, ನಿದ್ದೆ ಬಾರದ್ದನ್ನು, ಎಲ್ಲವನ್ನೂ ಹೇಳುತ್ತಿದ್ದಳು. "ಬಿಸಿ ಆಯ್ತೇನವ್ವ?" ಎಂದು ಅತ್ತೆ ಒಳಗಿಂದ ಕೂಗಿದರೆ, "ಇನ್ನೂ ಇಲ್ಲ ಕಣವ್ವ!" ಎಂದು ಇವಳು.

ರಿಪೇರಿಯಾದ ಮೇಲಿನ ಮೊದಲ ಸೋಮವಾರ ಕಿಕ್ ಒದ್ದೆ. ಒಂದೇ ಸಲಕ್ಕೆ ಹೊತ್ತಿಕೊಂಡು, ಕೆಮ್ಮದೆ ಸದ್ದು ಮಾಡತೊಡಗಿತು. ಹೆಂಡತಿಯ ಮುಖ ಇಳಿಯಿತು.

"ಯಾರ್ನ ಕೇಳಿ ಸರಿ ಮಾಡುಸ್ದ್ರಿ?"

ನನಗೆ ಆಗ ಹೊಳೆಯಿತು. ತಟ್ಟನೆ ಆಫ್ ಮಾಡಿ, "ಅಯ್ಯೋ, ನಿಂತೋಯ್ತು!" ಎಂದು ಗಟ್ಟಿಯಾಗಿ ಹೇಳಿದೆ. ಅವಳು ನಕ್ಕು ಹತ್ತಿರ ಬಂದಳು. "ಕೇಳ್ರಿ, ಮಗೂಗೆ..." ಎನ್ನುವಷ್ಟರಲ್ಲಿ ಮಾವ ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಹೊರಗೆ ಓಡಿಬಂದರು.

"ನೀವು ಕೂತ್ಕಳಿ ಅಳಿಯಂದ್ರೇ, ನಾವು ತಳ್ತೀವಿ!"

ಕೂತೆ. ಮೂವರೂ ಸೇರಿ ಬೀದಿಯ ಕೊನೆಯವರೆಗೆ ತಳ್ಳಿದರು. ಪಟಪಟಿ ಹೊತ್ತಿಕೊಂಡೇ ಬಿಟ್ಟಿತು. ತಿರುಗಿ ನೋಡಿದೆ, ಬಾಗಿಲಲ್ಲಿ ಅವಳು ಏನೋ ಹೇಳುತ್ತಿದ್ದಳು. ನನಗೆ ಕೇಳಿಸಿದ್ದು ಮಾವನ ಕೂಗು ಮಾತ್ರ:

"ನಿಲ್ಲುಸ್ಬ್ಯಾಡಿ ಅಳಿಯಂದ್ರೇ, ಹನೂರು ಗಂಟ ಎಲ್ಲೂ ನಿಲ್ಲುಸ್ಬ್ಯಾಡಿ!"