ಒದ್ದ ಮೇಲೆ ಶರಣು

ಈ ನಲವತ್ತೆಂಟು ವರ್ಷಗಳಲ್ಲಿ ನಾನು ಯಾರ ಮೇಲೂ ಕೈ ಎತ್ತಿದವನಲ್ಲ. ಇದನ್ನು ಕೇಳಿದವರು ನನ್ನನ್ನು ಸಾತ್ವಿಕನೆಂದು ತಿಳಿಯುತ್ತಾರೆ, ನಾನೂ ಅವರನ್ನು ತಿದ್ದಲು ಹೋಗುವುದಿಲ್ಲ. ನಿಜ ಹೇಳಬೇಕೆಂದರೆ, ಎತ್ತಿದ ನನ್ನ ಕೈ ಇಳಿಯುವ ಮೊದಲೇ ಎದುರಿನವನ ಕೈ ನನ್ನ ಕೆನ್ನೆಗೆ ಬಂದರೆ ಏನು ಗತಿ ಎಂಬುದು ನನಗೆ ತಟ್ಟನೆ ಹೊಳೆಯುತ್ತದೆ. ಕೊಣ್ಣೂರಿನ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು ನಾನು, ಇಂಥ ಲೆಕ್ಕದಲ್ಲಿ ತಪ್ಪುವುದಿಲ್ಲ. ಹೀಗೆ ಪುಕ್ಕಲುತನಕ್ಕೆ ಸಂಸ್ಕಾರ ಎಂದು ಹೆಸರಿಟ್ಟುಕೊಂಡು ಅರ್ಧ ಆಯುಷ್ಯವನ್ನು ಮರ್ಯಾದೆಯಿಂದ ಕಳೆದುಬಿಟ್ಟೆ. ಇಂಥವನ ಮಗಳು ಅಕ್ಷತಾ ಹತ್ತು ತುಂಬುತ್ತಲೇ ಕರಾಟೆ ಕಲಿಯುತ್ತೇನೆಂದು ಹಟ ಹಿಡಿದು ಕೂತಳು.

ಗೋಕಾಕದ ನಮ್ಮ ಓಣಿಯ ತುದಿಗೆ ದಸ್ತಗೀರ ಮಾಸ್ತರರ ಹೊಲಿಗೆ ಅಂಗಡಿ ಇದೆ. ಹಗಲೆಲ್ಲ ಜಂಪರು ಹೊಲಿಯುವ ಮಾಸ್ತರರು ಸಂಜೆ ಅಂಗಡಿಯ ಮಾಳಿಗೆಯ ಮೇಲೆ ಮಕ್ಕಳಿಗೆ ಕರಾಟೆ ಕಲಿಸುತ್ತಾರೆ. ಮೊದಲ ವರ್ಷ ಅಕ್ಷತಾ ಬರೀ ಗಾಳಿಗೆ ಗುದ್ದಿದಳು, ಗಾಳಿಗೆ ಒದ್ದಳು. ಗಾಳಿ ತಿರುಗಿ ಹೊಡೆಯುವುದಿಲ್ಲವಾದ್ದರಿಂದ ಎಲ್ಲವೂ ಸುಸೂತ್ರವಾಗಿತ್ತು. ತೊಂದರೆ ಶುರುವಾದದ್ದು ಸ್ಪಾರಿಂಗಿನಲ್ಲಿ, ಅಂದರೆ ಇಬ್ಬರನ್ನು ಎದುರುಬದುರು ನಿಲ್ಲಿಸಿ ಅಂಕಕ್ಕಾಗಿ ಹೊಡೆದಾಡಿಸುವಾಗ. ಒಂದು ಸಂಜೆ ಮಾಸ್ತರರು ನನ್ನನ್ನು ಕರೆಸಿದರು.

"ಸರ, ನಿಮ್ಮ ಹುಡುಗಿ ಒದಿಯೂದು ಭಾಳ ಚಲೋ ಐತ್ರಿ. ಒದ್ದ ಮ್ಯಾಲ ಮಾಡೂದು ಚಲೋ ಇಲ್ಲ."

"ಏನ್ ಮಾಡ್ತಾಳ್ರಿ?"

"ಶರಣು ಮಾಡ್ತಾಳ್ರಿ!"

ಇದಕ್ಕೆ ನಮ್ಮ ಮನೆಯೇ ಕಾರಣ. ಯಾರಿಗಾದರೂ ಕಾಲು ತಾಗಿದರೆ ಬಗ್ಗಿ, ಅವರನ್ನು ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡು "ಶರಣ್ರಿ" ಅನ್ನಬೇಕೆಂದು ನಮ್ಮವ್ವ ಮೊದಲು ನನಗೆ, ಆಮೇಲೆ ಮೊಮ್ಮಗಳಿಗೆ ಕಲಿಸಿಟ್ಟಿದ್ದಾಳೆ. ಅಕ್ಷತಾ ಆವತ್ತು ಬೆಲ್ಲದ ಬಾಗೇವಾಡಿಯ ಹುಡುಗನ ಪಕ್ಕೆಗೆ ಸೊಗಸಾಗಿ ಒಂದು ಒದ್ದಿದ್ದಾಳೆ. ಒದ್ದವಳೇ ಬಗ್ಗಿ, ಅವನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದಾಳೆ. ಅವನು ಆ ಭಕ್ತಿಯನ್ನು ಸ್ವೀಕರಿಸಿ, ಆರಾಮವಾಗಿ ಒಂದು ಗುದ್ದು ಕೊಟ್ಟು ಅಂಕ ತೆಗೆದುಕೊಂಡಿದ್ದಾನೆ. ಒಂದು ಸಲ ಅಲ್ಲ, ಮೂರು ಸಲ.

"ಮೂಡಲಗಿ ಸ್ಪರ್ಧಾ ಇನ್ನ ಮೂರ ವಾರಕ್ಕ ಐತ್ರಿ," ಅಂದರು ಮಾಸ್ತರರು. "ಹಿಂಗ ಬಗ್ಗಿದಾಗ ಎದುರಿನವರ ಮೊಣಕಾಲು ಬಡೀತಂದ್ರ ಕೂಸಿನ ಹಲ್ಲು ಹೋಗ್ತಾವು. ಈ ಚಾಳಿ ಬಿಡೂತನಾ ನಾ ಆಕಿನ್ನ ಕರಕೊಂಡು ಹೋಗೂದಿಲ್ಲ."

ಎಷ್ಟು ಹೊಡೆತ ತಿಂದರೂ ಅಳದ ಹುಡುಗಿ ಹೊಲಿಗೆ ಯಂತ್ರದ ಹಿಂದೆ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಏನು ಮಾಡಬೇಕೆಂದು ಮಾಸ್ತರರನ್ನೇ ಕೇಳಿದೆ.

ಮನೆಯಲ್ಲಿ ದಿನಾ ನೀವೇ ಎದುರು ನಿಲ್ಲಬೇಕು, ನೀವೂ ಒದೆಯಬೇಕು ಎಂದು ಮಾಸ್ತರರ ಅಪ್ಪಣೆಯಾಯಿತು. ಹೆಂಡತಿಯ ಹಳೆಯ ಸೀರೆಯಿಂದ ಹೊಟ್ಟೆಗೆ ತಲೆದಿಂಬು ಕಟ್ಟಿಕೊಂಡು ಹಿತ್ತಲಿನಲ್ಲಿ ನಿಂತೆ. ದಿಂಬು ಯಾವುದು, ಹೊಟ್ಟೆ ಯಾವುದು ಎಂದು ಹೆಂಡತಿ ಕೇಳಿದಳು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, "ಏನ್ರಿ ಸರ, ಮನ್ಯಾಗ ಎಲ್ಲಾ ಆರಾಮ ಐತಿಲ್ರಿ?" ಎಂದು ವಿಚಾರಿಸಿದರು. ಅಕ್ಷತಾ ಒದ್ದಳು, ಬಗ್ಗಿದಳು. ಬೈದೆ. ಮತ್ತೆ ಒದ್ದಳು, ಮತ್ತೆ ಬಗ್ಗಿದಳು. ನೋಡು ಹೀಗೆ ಎಂದು ನಾನೊಮ್ಮೆ ಕಾಲು ಬೀಸಿದೆ. ಅದು ಹೇಗೋ ಅವಳ ಮೊಣಕಾಲಿಗೆ ತಾಗಿತು, ತಾಗಿದ್ದೇ ತಡ ನನ್ನ ಸೊಂಟ ನನ್ನನ್ನು ಕೇಳದೆ ಬಗ್ಗಿತು. ಮೊಣಕಾಲು ಉಜ್ಜಿಕೊಳ್ಳಲು ಅವಳೂ ಬಗ್ಗಿದ್ದಳು. ಇಬ್ಬರ ತಲೆಗಳೂ ಡಿಕ್ಕಿ ಹೊಡೆದವು.

ಕಟ್ಟೆಯ ಮೇಲೆ ಮೆಂತೆ ಸೋಸುತ್ತಿದ್ದ ಅವ್ವ ನಕ್ಕಳು. ನನಗೆ ರೇಗಿತು. "ಯವ್ವಾ, ಇದೆಲ್ಲಾ ನೀ ಕಲಿಸಿದ್ದು. ಬಿಡು ಅಂತ ನೀನ ಹೇಳು."

"ನಾ ಯಾಕ ಹೇಳ್ಲಿ? ಅದನ್ನ ಬಿಟ್ರ ಬರೇ ಒದಿಯೂದ ಉಳೀತಲ್ಲೋ."

ಈ ಮಾತನ್ನು ಹಾಗೆಯೇ ಮಾಸ್ತರರಿಗೆ ಮುಟ್ಟಿಸಿದೆ. ಮಾಸ್ತರರೇ ಮನೆಗೆ ಬಂದು ಅವ್ವನ ಮುಂದೆ ಕೂತರು. "ನೀವ್ ಹೇಳೂದು ಖರೆ ಐತ್ರಿ ಅಜ್ಜಿ. ಅದಕ್ಕ ನಾವು ಫೈಟಿಗಿ ಮೊದಲ ಬಗ್ಗಿ ನಮಸ್ಕಾರ ಮಾಡೂದು. ಮುಂದ ಬೀಳೂ ಹೊಡತಕ್ಕೆಲ್ಲಾ ಮೊದಲ ಮಾಫಿ ಕೇಳಿ ಬಿಡೂದ್ರಿ."

ಅವ್ವ ತಲೆದೂಗಿದಳು. "ಹಂಗಂದ್ರ ಅಡ್ಡಿ ಇಲ್ಲ. ಏ ಅಕ್ಷತಾ, ಮೊದಲ ಬಗ್ಗೂದು ಒಂಚೂರು ಜಾಸ್ತಿನ ಬಗ್ಗವಾ."

ಮೂರು ವಾರ ದಿನಾಲೂ ಒದೆಸಿಕೊಂಡೆ. ಮಗಳಿಗಾದ ಲಾಭ ಆಮೇಲೆ ಹೇಳುತ್ತೇನೆ, ನನಗಾದದ್ದೇ ಹೆಚ್ಚು. ಏನೇ ಎದುರಾದರೂ ಕಣ್ಣು ಮುಚ್ಚುವುದು ನನ್ನ ಜನ್ಮದ ಚಾಳಿ. "ಕಣ್ಣ ಮುಚ್ಚಿದ್ರ ಹೊಡತ ನಿಂದರೂದಿಲ್ರಿ ಸರ, ಬರೂದು ಕಾಣೂದಿಲ್ಲ ಅಷ್ಟ," ಎಂದು ಮಾಸ್ತರರು ನನ್ನನ್ನೂ ಭಾನುವಾರದ ದೊಡ್ಡವರ ಗುಂಪಿಗೆ ಎಳೆದರು. ನನ್ನ ಜೋಡಿ ಯಮಕನಮರಡಿಯ ಲಾರಿ ಮೆಕ್ಯಾನಿಕ್ಕು. "ನೀವ ಮೊದಲ ಹೊಡೀರಿ ಸರ" ಎಂದು ಅವರು, "ಛೇ ಛೇ, ನೀವ ಹೊಡೀರಿ" ಎಂದು ನಾನು. ಇಷ್ಟರಲ್ಲೇ ಸಮಯ ಮುಗಿದು ಇಬ್ಬರೂ ಬರೀ ಸೌಜನ್ಯದಿಂದ ಬೆವತಿದ್ದೆವು. ಆದರೂ ಈಗ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದಿಲ್ಲ. ಮುಖ್ಯೋಪಾಧ್ಯಾಯರು ಕೂಗಾಡಿದರೆ ಕಣ್ಣು ಬಿಟ್ಟುಕೊಂಡೇ ಕೇಳುತ್ತೇನೆ. ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆಂದು ಕೂಡ ಗೊತ್ತಾಗಿದೆ.

ಅಂತೂ ಮಾಸ್ತರರು ಒಪ್ಪಿ ಅವಳನ್ನು ಮೂಡಲಗಿಗೆ ಕರೆದುಕೊಂಡು ಹೋದರು. ಕೊನೆಯ ಪಂದ್ಯ ಹುಕ್ಕೇರಿಯ ಹುಡುಗಿಯೊಂದಿಗೆ. ಅಕ್ಷತಾ ಮೊದಲ ನಮಸ್ಕಾರಕ್ಕೆ ಎಷ್ಟು ಬಗ್ಗಿದಳೆಂದರೆ ರೆಫರಿಯೂ ನಾಚಿ ಇನ್ನೊಮ್ಮೆ ಬಗ್ಗಿದರು. ಆಟ ಶುರುವಾಯಿತು. ಅವಳ ಒದೆತ ಎದುರಿನವಳ ಪಕ್ಕೆಗೆ ಬಿತ್ತು. ಒದ್ದ ಅಕ್ಷತಾಳ ಬೆನ್ನು ಚೂರು ಬಾಗಿತು. ಹಳೆಯ ಚಾಳಿ ಬಂತು ಎಂದುಕೊಂಡೆ. ಅಷ್ಟರಲ್ಲಿ ಅವಳು ನೆಟ್ಟಗಾಗಿ, ಒಂದು ಹೆಜ್ಜೆ ಹಿಂದೆ ಸರಿದು, ಮುಷ್ಟಿ ಎತ್ತಿ ನಿಂತಳು.

ಆ ಸಂತೋಷಕ್ಕೆ ನನ್ನ ಕಾಲು ಚಿಮ್ಮಿ ಮುಂದೆ ಕೂತಿದ್ದ ಹಿರಿಯರ ಬೆನ್ನಿಗೆ ಬಡಿಯಿತು. ಅವರು ತಿರುಗಿದರು. ನಾನು ಬಗ್ಗಿ, ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ಶರಣ್ರಿ, ತಪ್ಪಾತ್ರಿ" ಅಂದೆ. ಅವರೂ ಸಂಸ್ಕಾರವಂತರು. "ಇರ್ಲಿ ಬಿಡ್ರಿ, ಯಾವೂರಾತ್ರಿ ನಿಮ್ದು?" ಎಂದು ಕೇಳಿ ಉತ್ತರಕ್ಕೆ ಕಾದರು. ನಾನು ಊರು ಹೇಳಿ ತಲೆ ಎತ್ತುವಷ್ಟರಲ್ಲಿ ಚಪ್ಪಾಳೆ ಬಿದ್ದಿತ್ತು, ರೆಫರಿ ಅಕ್ಷತಾಳ ಕೈ ಮೇಲೆತ್ತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಪದಕ ಹಿಡಿದುಕೊಂಡು ನನಗೆ ಆತು ಕೂತಳು. "ಪಪ್ಪಾ, ಕಡೀಕ ಹೊಡದದ್ದು ನೋಡಿದಿ?"

"ನೋಡದ ಏನ್! ಎಂಥಾ ಒದಿಕಿ ಅವ್ವೀ ಅದು! ಕಣ್ಣ ಪಿಳುಕಿಸದ ನೋಡಿದೆ."

ಅವಳು ನನ್ನನ್ನೇ ನೆಟ್ಟ ದೃಷ್ಟಿಯಿಂದ ನೋಡಿದಳು.

"ಅದು ಒದಿಕಿ ಅಲ್ಲ ಪಪ್ಪಾ, ಗುದ್ದು."

ಇಂಥ ಹೊಡೆತವನ್ನು ಹೇಗೆ ತಡೆಯಬೇಕೆಂದು ದಸ್ತಗೀರ ಮಾಸ್ತರರು ನನಗಿನ್ನೂ ಕಲಿಸಿಲ್ಲ.